ಮರಳಿ ಮರಳಿ ಬರುವ ಬೂಷ್ಟು

ಮುಂಬಯಿ ಮಹಾನಗರದಲ್ಲಿ ನೆಲೆಸಿರುವ ಕನ್ನಡಿಗರಿಗೆ ಮಳೆಗಾಲವು ಅಪರಿಚಿತವಾದುದಲ್ಲ. ಅವರಲ್ಲಿ ಅನೇಕರು ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳಿಂದ ಬಂದವರು. ಇಲ್ಲಿಗಿಂತಲೂ ಬಲವಾದ ಮಳೆಯನ್ನು ಕಂಡು ಬೆಳೆದವರು. ಆದರೂ ಆಷಾಢ ಶ್ರಾವಣಗಳಲ್ಲಿ ನಗರದ ಫ್ಲ್ಯಾಟುಗಳೊಳಗೆ ಕಾಣಿಸಿಕೊಳ್ಳುವ ಒಂದು ಉಪದ್ರವವು ಅವರನ್ನು ಪ್ರತಿವರ್ಷವೂ ಹೊಸದೆಂಬಂತೆ ಕಾಡುತ್ತದೆ. ಹಬ್ಬದ ಸಮಯದಲ್ಲಿ ಆಸೆಪಟ್ಟು ಕೊಂಡು ತಂದು ಹಜಾರದಲ್ಲಿ ಹಾಸಿದ ಕಾರ್ಪೆಟ್ಟಿನಿಂದ ಜುಲೈ ತಿಂಗಳ ಹೊತ್ತಿಗೆ ಮುಗ್ಗಲು ವಾಸನೆ ಹೊರಡುತ್ತದೆ. ಅಂಚನ್ನು ಎತ್ತಿ ನೋಡಿದರೆ ಬೆನ್ನಿನಲ್ಲಿ ಬಿಳಿಯ ಹುಡಿ, ಹಸುರು ಮಚ್ಚೆ, ಕೆಲವೆಡೆ ಕಪ್ಪು ಚುಕ್ಕೆ. ತೊಳೆಸಿ, ಒಣಗಿಸಿ, ಸುಗಂಧ ಸಿಂಪಡಿಸಿ ಮತ್ತೆ ಹಾಸಿದರೆ ಕೆಲವೇ ವಾರಗಳಲ್ಲಿ ಅದೇ ವಾಸನೆ, ಅದೇ ಮಚ್ಚೆ. ಗೃಹಿಣಿಯು ತೊಳೆದುಕೊಟ್ಟವನನ್ನು ದೂರುತ್ತಾಳೆ; ಗೃಹಸ್ಥನು ಮಾರಿದ ಅಂಗಡಿಯವನನ್ನು ದೂರುತ್ತಾನೆ. ದೂರು ಸಲ್ಲಬೇಕಾದುದು ಬಹುತೇಕ ಈ ಇಬ್ಬರಿಗೂ ಅಲ್ಲ.

ಊರಿನ ಮನೆಗಳಲ್ಲಿ ಇದಕ್ಕಿಂತ ಹೆಚ್ಚು ಮಳೆ ಬಿದ್ದರೂ ನೆಲಹಾಸಿಗೆ ಬೂಷ್ಟು ಹಿಡಿಯುವ ಮಾತು ಅಷ್ಟಾಗಿ ಕೇಳಿಬರುತ್ತಿರಲಿಲ್ಲ. ಅಲ್ಲಿ ನೆಲದ ಮೇಲೆ ಹಗಲಿರುಳೂ ಬಿದ್ದಿರುವ ವಸ್ತುವೆಂಬುದೇ ಇರಲಿಲ್ಲವೆನ್ನಬಹುದು. ಚಾಪೆಯನ್ನು ರಾತ್ರಿ ಹಾಸಿ ಬೆಳಗ್ಗೆ ಸುತ್ತಿ ಮೂಲೆಗೆ ನಿಲ್ಲಿಸುತ್ತಿದ್ದರು. ಜಮಖಾನೆಯು ಬೀಗರು ನಂಟರು ಬಂದಾಗ ಪೆಟ್ಟಿಗೆಯಿಂದ ಹೊರಬಂದು, ಅವರು ಹೊರಟ ಮೇಲೆ ಬಿಸಿಲು ಕಂಡು ಮತ್ತೆ ಪೆಟ್ಟಿಗೆ ಸೇರುತ್ತಿತ್ತು. ಮಳೆಗಾಲದಲ್ಲಿ ಒಣಗಿರಬೇಕಾದ ಸಾಮಗ್ರಿಗಳಿಗೆ ಒಲೆಯ ಮೇಲಿನ ಅಟ್ಟವಿತ್ತು. ನಗರದ ಮನೆಯಲ್ಲಿ ಒಲೆಯೂ ಇಲ್ಲ, ಅಟ್ಟವೂ ಇಲ್ಲ. ಹಾಸಿದ ಕಾರ್ಪೆಟ್ಟು ವರ್ಷಗಟ್ಟಲೆ ಹಾಸಿದಲ್ಲಿಯೇ ಇರುತ್ತದೆ. ಅದರ ಮೇಲೆ ಸೋಫಾ, ಸೋಫಾದ ಮೇಲೆ ಸಂಸಾರ.

ಆದುದರಿಂದ ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳುವುದು ಲೇಸು. ಮರಳಿ ಮರಳಿ ಬರುವ ಬೂಷ್ಟು ಕಾರ್ಪೆಟ್ಟಿನ ದೋಷವಲ್ಲ, ತೊಳೆಯುವ ಕ್ರಮದ ದೋಷವೂ ಅಲ್ಲ. ಮನೆಯೊಳಗೆ ಎಲ್ಲಿಂದಲೋ ನೀರು ಬರುತ್ತಿದೆ, ಬಂದಷ್ಟು ಹೊರಹೋಗುತ್ತಿಲ್ಲ ಎಂಬುದಕ್ಕೆ ಅದು ಸಾಕ್ಷಿ. ನೀರಿನ ಜಮಾ ಖರ್ಚು ಸರಿಹೋಗದ ಹೊರತು ಕಾರ್ಪೆಟ್ಟಿನ ಮೇಲೆ ಮಾಡಿದ ವೆಚ್ಚವೆಲ್ಲವೂ ಬಡ್ಡಿಯನ್ನಷ್ಟೇ ಕಟ್ಟಿ ಅಸಲನ್ನು ಹಾಗೆಯೇ ಉಳಿಸಿಕೊಂಡಂತೆ.

ಬೂಷ್ಟಿನ ಸ್ವಭಾವ

ಬೂಷ್ಟು ಶಿಲೀಂಧ್ರ ವರ್ಗಕ್ಕೆ ಸೇರಿದ ಜೀವಿ. ಇದರಿಂದ ಮನುಷ್ಯನಿಗೆ ಉಪಕಾರವೂ ಆಗಿದೆ. 1928ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಗಮನಿಸಿದ, ಮುಂದೆ ಪೆನಿಸಿಲಿನ್ ಔಷಧಿಗೆ ಮೂಲವಾದ ಪೆನಿಸಿಲಿಯಂ ಈ ವರ್ಗದ್ದೇ. ಮನೆಯೊಳಗಿನ ತೇವದಲ್ಲಿ ಸಾಮಾನ್ಯವಾಗಿ ಬೆಳೆಯುವವು ಪೆನಿಸಿಲಿಯಂ, ಆಸ್ಪರ್ಜಿಲ್ಲಸ್, ಕ್ಲಾಡೊಸ್ಪೋರಿಯಂ ಮೊದಲಾದವು. ಇವುಗಳ ಬೀಜಕಣಗಳು ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿದ್ದು ಗಾಳಿಯಲ್ಲಿ ಸದಾ ತೇಲುತ್ತಿರುತ್ತವೆ. ಬೀಜಕಣವೇ ಇಲ್ಲದ ಮನೆಯನ್ನು ಮಾಡುವುದು ಯಾರಿಂದಲೂ ಆಗದ ಕೆಲಸ.

ಬೀಜಕಣವು ಮೊಳೆಯಲು ಮೂರು ಅನುಕೂಲತೆಗಳು ಬೇಕು: ಆಹಾರ, ಹಿತವಾದ ಉಷ್ಣತೆ, ತೇವ. ಹತ್ತಿ, ಸೆಣಬು, ಉಣ್ಣೆಗಳ ಎಳೆಗಳೂ ಅವುಗಳ ನಡುವೆ ಕೂಡುವ ಧೂಳು, ಚರ್ಮದ ಹೊಟ್ಟು, ತಿಂಡಿಯ ಚೂರುಗಳೂ ಆಹಾರವಾಗುತ್ತವೆ. ಕೃತಕ ನೂಲಿನ ಕಾರ್ಪೆಟ್ಟಿಗೆ ಬೂಷ್ಟು ಹಿಡಿಯದೆಂಬ ನಂಬಿಕೆ ನಿಜವಲ್ಲ. ನೂಲನ್ನು ತಿನ್ನದಿದ್ದರೂ ನೂಲಿನೊಳಗಿನ ಧೂಳನ್ನು ಅದು ತಿನ್ನುತ್ತದೆ. ಹಿತವಾದ ಉಷ್ಣತೆ ಮುಂಬಯಿಯಲ್ಲಿ ಹನ್ನೆರಡು ತಿಂಗಳೂ ಉಂಟು. ಹೀಗೆ ಮೂರರಲ್ಲಿ ಎರಡು ಮನುಷ್ಯನ ಕೈಮೀರಿದವು. ಕೈಯಲ್ಲಿ ಉಳಿದಿರುವುದು ತೇವವೊಂದೇ. ಕೋಣೆಯ ಗಾಳಿಯ ಸಾಪೇಕ್ಷ ಆರ್ದ್ರತೆಯು ನೂರಕ್ಕೆ 60ರ ಒಳಗಿದ್ದರೆ ಬೂಷ್ಟಿಗೆ ಬೆಳೆಯುವುದು ಕಷ್ಟ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮುಂಬಯಿಯ ಹೊರಗಾಳಿಯಲ್ಲಿ ಅದು 80ನ್ನು ದಾಟಿರುವುದೇ ಸಾಮಾನ್ಯ. ನೆನೆದ ವಸ್ತುವನ್ನು 24ರಿಂದ 48 ಗಂಟೆಗಳೊಳಗೆ ಒಣಗಿಸಿದರೆ ಬಹುಪಾಲು ಸಂದರ್ಭಗಳಲ್ಲಿ ಬೂಷ್ಟು ತಲೆಯೆತ್ತುವುದಿಲ್ಲ. ಆ ಅವಧಿ ಮೀರಿದರೆ ಅದರ ಎಳೆಗಳು ನೂಲಿನೊಳಕ್ಕೆ ಇಳಿಯುತ್ತವೆ. ಮೇಲಿನ ಮಚ್ಚೆಯನ್ನು ಒರೆಸಿದ ಮಾತ್ರಕ್ಕೆ ಒಳಗಿನ ಎಳೆ ಹೋಗುವುದಿಲ್ಲ. ಮತ್ತೆ ತೇವ ದೊರೆತೊಡನೆ ಅಲ್ಲಿಂದಲೇ ಅದು ಚಿಗುರುತ್ತದೆ.

ನೀರು ಬರುವ ದಾರಿಗಳು

ಮಚ್ಚೆ ಎಲ್ಲಿದೆ, ಯಾವ ಕಾಲದಲ್ಲಿ ಬರುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ದೊರೆತರೆ ನೀರಿನ ದಾರಿ ಬಹುತೇಕ ಗೊತ್ತಾಗುತ್ತದೆ. ಇದಕ್ಕೆ ತಜ್ಞನ ಅಗತ್ಯವಿಲ್ಲ. ಗಮನಿಸುವ ಕಣ್ಣು ಸಾಕು.

ಹೊರಗೋಡೆಗೆ ತಾಗಿದ ಅಂಚಿನಲ್ಲಿ, ಅದರಲ್ಲಿಯೂ ಪಶ್ಚಿಮ ಅಥವಾ ನೈರುತ್ಯದ ಗೋಡೆಯ ಬದಿಯಲ್ಲಿ, ಮಳೆಗಾಲದಲ್ಲಿ ಮಾತ್ರ ಮಚ್ಚೆ ಬರುವುದಾದರೆ ಗೋಡೆಯ ಬಿರುಕಿನಿಂದ ಅಥವಾ ಕಿಟಕಿಯ ಚೌಕಟ್ಟಿನ ಸಂದಿನಿಂದ ಮಳೆನೀರು ಒಳಬರುತ್ತಿದೆ. ನೈರುತ್ಯ ಮಾರುತವು ಮಳೆಯನ್ನು ಆ ಮುಖಕ್ಕೇ ಬೀಸಿ ಹೊಡೆಯುತ್ತದೆ. ಬಚ್ಚಲುಮನೆಯ ಅಥವಾ ಅಡಿಗೆಮನೆಯ ಗೋಡೆಯ ಪಕ್ಕದಲ್ಲಿ ಬೇಸಗೆಯಲ್ಲಿಯೂ ಮಚ್ಚೆ ಮರಳುವುದಾದರೆ ಮಳೆಯದು ತಪ್ಪಲ್ಲ. ಕೊಳವೆ ಜಿನುಗುತ್ತಿದೆ, ಇಲ್ಲವೇ ಬಚ್ಚಲಿನ ನೆಲದಲ್ಲಿ ನೀರು ಇಳಿಯುತ್ತಿದೆ. ನೆಲಮಾಳಿಗೆಯಿಲ್ಲದ ಕೆಳ ಅಂತಸ್ತಿನ ಮನೆಯಲ್ಲಿ ಕಾರ್ಪೆಟ್ಟಿನ ನಡುಭಾಗವೇ ಮುಗ್ಗುವುದಾದರೆ ಭೂಮಿಯ ತೇವವು ನೆಲದ ಮೂಲಕ ಏರುತ್ತಿರುವ ಸಂಭವ ಹೆಚ್ಚು. ಇದನ್ನು ಪರೀಕ್ಷಿಸಲು ಸುಲಭವಾದ ಉಪಾಯವೊಂದಿದೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಒಣಗಿದ ನೆಲದ ಮೇಲೆ ಇಟ್ಟು, ನಾಲ್ಕು ಅಂಚುಗಳನ್ನೂ ಅಂಟುಪಟ್ಟಿಯಿಂದ ಗಾಳಿಯಾಡದಂತೆ ಮುಚ್ಚಿ, ಒಂದು ದಿನ ಬಿಟ್ಟು ತೆಗೆಯಬೇಕು. ಹಾಳೆಯ ಕೆಳಮೈಯಲ್ಲಿ ನೀರಹನಿ ಕಂಡರೆ ಅಥವಾ ನೆಲದ ಬಣ್ಣ ಕಪ್ಪೇರಿದ್ದರೆ ತೇವವು ಕೆಳಗಿನಿಂದಲೇ ಬರುತ್ತಿದೆ.

ಒಂದೆಡೆಯೆಂದಿಲ್ಲದೆ ಕಾರ್ಪೆಟ್ಟು ಪೂರ್ತಿ ಮುಗ್ಗುವುದಾದರೆ ದೋಷವು ಕೋಣೆಯ ಗಾಳಿಯಲ್ಲಿದೆ. ಮಳೆಗಾಲದಲ್ಲಿ ಒಗೆದ ಬಟ್ಟೆಗಳನ್ನು ಹಜಾರದಲ್ಲಿ ಹಗ್ಗ ಕಟ್ಟಿ ಒಣಹಾಕುವುದು ಮುಂಬಯಿಯ ಮನೆಮನೆಯ ನೋಟ. ಬಟ್ಟೆಯಿಂದ ಆರಿದ ನೀರು ಎಲ್ಲಿಯೂ ಮಾಯವಾಗುವುದಿಲ್ಲ. ಒಂದು ದಿನದ ಒಗೆತದಿಂದ ಒಂದೆರಡು ಲೀಟರು ನೀರು ಕೋಣೆಯ ಗಾಳಿಯನ್ನು ಸೇರಿ, ಸಿಕ್ಕಿದ ನೂಲಿನೊಳಗೆ ಕೂಡುತ್ತದೆ. ಅಡಿಗೆಯ ಆವಿ, ಸ್ನಾನದ ಆವಿಗಳೂ ಹಾಗೆಯೇ. ರಾತ್ರಿಯೆಲ್ಲ ಏರ್‌ಕಂಡೀಶನರ್ ಹಾಕಿ ನೆಲವನ್ನು ತಣ್ಣಗೆ ಮಾಡಿ, ಬೆಳಗ್ಗೆ ಅದನ್ನು ಆರಿಸಿ ಕಿಟಕಿ ತೆರೆದರೆ ಹೊರಗಿನ ತೇವದ ಗಾಳಿಯು ತಣ್ಣಗಿನ ನೆಲಕ್ಕೆ ತಗಲಿ ಬೆವರುತ್ತದೆ. ತಂಬಿಗೆಯ ತಣ್ಣೀರಿನ ಹೊರಮೈಯಲ್ಲಿ ಹನಿ ಮೂಡುವಂತೆಯೇ ಇದು.

ಇವೆಲ್ಲಕ್ಕಿಂತ ಸಾಮಾನ್ಯವಾದ, ಯಾರೂ ಶಂಕಿಸದ ಕಾರಣವೊಂದಿದೆ. ಮನೆಗೆಲಸದ ಬಾಯಿ ಪ್ರತಿದಿನ ಕಾರ್ಪೆಟ್ಟಿನ ಅಂಚನ್ನು ಮಡಚಿ, ಒದ್ದೆ ಬಟ್ಟೆಯಿಂದ ನೆಲವನ್ನು ಒರೆಸಿ, ನೆಲ ಆರುವ ಮೊದಲೇ ಅಂಚನ್ನು ಬಿಟ್ಟು ಮುಂದಿನ ಮನೆಗೆ ಹೋಗುತ್ತಾಳೆ. ಅವಳಿಗೆ ಕಾಯಲು ಸಮಯವಿಲ್ಲ. ಕಾಯುವಂತೆ ಹೇಳಿದವರೂ ಇಲ್ಲ. ವರ್ಷಕ್ಕೆ ಮುನ್ನೂರು ದಿನ ಹೀಗೆ ನಡೆದರೆ ಕಾರ್ಪೆಟ್ಟಿನ ಅಂಚು ಎಂದೂ ಪೂರ್ತಿ ಒಣಗುವುದಿಲ್ಲ. ಕೊನೆಯದಾಗಿ, ಬೀಗ ಹಾಕಿದ ಮನೆ. ರಜೆಯಲ್ಲಿಯೋ ಹಬ್ಬ, ಮದುವೆಗಳಿಗೋ ಊರಿಗೆ ಹೋದ ಕುಟುಂಬವು ಕಿಟಕಿಗಳನ್ನೆಲ್ಲ ಬಿಗಿದು ತಿಂಗಳ ಮೇಲೆ ಮರಳುವಷ್ಟರಲ್ಲಿ ಒಳಗೆ ನಿಂತ ಗಾಳಿಯು ತನ್ನ ಕೆಲಸವನ್ನು ಮುಗಿಸಿರುತ್ತದೆ.

ಆರೋಗ್ಯದ ದೃಷ್ಟಿಯಿಂದ

ಕಾರ್ಪೆಟ್ಟು ಕೆಟ್ಟರೆ ಹಣವಷ್ಟೇ ನಷ್ಟ. ಆದರೆ ಅದರ ಮೇಲೆ ಅಂಬೆಗಾಲಿಡುವ ಮಗುವಿನ ಉಸಿರು ಕಾರ್ಪೆಟ್ಟಿನಿಂದ ಒಂದು ಗೇಣು ದೂರದಲ್ಲಿರುತ್ತದೆ ಎಂಬುದನ್ನು ನೆನೆದಾಗ ವಿಷಯದ ಗಾಂಭೀರ್ಯ ತಿಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟುಗಳ ಕುರಿತಾಗಿಯೇ ಮಾರ್ಗದರ್ಶಿಯೊಂದನ್ನು ಪ್ರಕಟಿಸಿತು. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ವಾಸಿಸುವವರಲ್ಲಿ ಶ್ವಾಸಸಂಬಂಧದ ತೊಂದರೆಗಳು, ಸೋಂಕುಗಳು ಹಾಗೂ ಆಸ್ತಮಾದ ಉಲ್ಬಣ ಹೆಚ್ಚಾಗಿ ಕಂಡುಬರುತ್ತವೆಂದು ಅದು ಹೇಳುತ್ತದೆ. ತೇವವನ್ನು ತಡೆಯುವುದೇ ಮುಖ್ಯವಾದ ಪರಿಹಾರವೆಂಬುದು ಅದರ ಸಾರ.

ಇದರಿಂದ ಗಾಬರಿಯಾಗಬೇಕಾದ ಕಾರಣವಿಲ್ಲ. ಆರೋಗ್ಯವಂತರಾದ ಬಹುಮಂದಿಗೆ ಸೀನು, ಕಣ್ಣಿನ ತುರಿಕೆ, ಮೂಗು ಕಟ್ಟುವುದು, ಒಣ ಕೆಮ್ಮು ಇಷ್ಟರಲ್ಲಿಯೇ ಮುಗಿಯುತ್ತದೆ. ಹೊರಗೆ ಹೋದಾಗ ತಗ್ಗಿ, ಮನೆಗೆ ಬಂದೊಡನೆ ಮರುಕಳಿಸುವ ಕೆಮ್ಮು ಸೀನುಗಳು ಮನೆಯ ಗಾಳಿಯ ಕಡೆಗೆ ಬೆರಳು ತೋರುತ್ತವೆ. ಆದರೆ ಆಸ್ತಮಾ ಇರುವವರು, ಎಳೆಯ ಮಕ್ಕಳು, ವಯಸ್ಸಾದವರು, ಕ್ಯಾನ್ಸರ್ ಚಿಕಿತ್ಸೆ ಅಥವಾ ಅಂಗಕಸಿಯ ಕಾರಣದಿಂದ ರೋಗನಿರೋಧಕ ಶಕ್ತಿ ಕುಂದಿದವರು ಇರುವ ಮನೆಯಲ್ಲಿ ಇದನ್ನು ಹಗುರವಾಗಿ ಕಾಣಲಾಗದು. ಆಸ್ಪರ್ಜಿಲ್ಲಸ್ ಶಿಲೀಂಧ್ರಕ್ಕೆ ಕೆಲವು ಆಸ್ತಮಾ ರೋಗಿಗಳ ಶ್ವಾಸಕೋಶಗಳು ತೀವ್ರವಾಗಿ ಪ್ರತಿಕ್ರಿಯಿಸುವ ಒಂದು ಕಾಯಿಲೆಯುಂಟು. ಭಾರತದಲ್ಲಿ ಅದನ್ನು ಕ್ಷಯವೆಂದು ತಪ್ಪಾಗಿ ತಿಳಿದು ಚಿಕಿತ್ಸೆ ನಡೆದ ಉದಾಹರಣೆಗಳಿವೆ. ದೀರ್ಘಕಾಲದ ಕೆಮ್ಮು ಉಬ್ಬಸಗಳಿಗೆ ವೈದ್ಯರನ್ನು ಕಂಡಾಗ ಮನೆಯ ತೇವ ಬೂಷ್ಟುಗಳ ಸಂಗತಿಯನ್ನೂ ಹೇಳುವುದು ಉಪಯುಕ್ತ.

2021ರಲ್ಲಿ ಕೊರೊನಾದ ಎರಡನೆಯ ಅಲೆಯ ಸಮಯದಲ್ಲಿ ‘ಕಪ್ಪು ಶಿಲೀಂಧ್ರ’ ಎಂಬ ಹೆಸರು ಮನೆಮಾತಾಗಿ, ಗೋಡೆಯ ಮೇಲಿನ ಪ್ರತಿಯೊಂದು ಕಪ್ಪು ಚುಕ್ಕೆಯನ್ನೂ ಜನ ಭಯದಿಂದ ನೋಡುವಂತಾಯಿತು. ಆ ರೋಗವನ್ನುಂಟುಮಾಡುವ ಶಿಲೀಂಧ್ರಗಳ ಗುಂಪೇ ಬೇರೆ. ಹತೋಟಿಯಲ್ಲಿಲ್ಲದ ಸಕ್ಕರೆಕಾಯಿಲೆ ಮತ್ತು ಸ್ಟೀರಾಯ್ಡ್ ಔಷಧಿಗಳ ಬಳಕೆ ಅಂದು ಅದಕ್ಕೆ ಮುಖ್ಯವಾದ ಎಡೆ ಮಾಡಿಕೊಟ್ಟಿದ್ದವು. ಬಣ್ಣವನ್ನು ನೋಡಿ ಅಪಾಯವನ್ನು ಅಳೆಯಲಾಗದು. ಬಿಳಿಯಾಗಲಿ ಹಸುರಾಗಲಿ ಕಪ್ಪಾಗಲಿ, ಮನೆಯೊಳಗೆ ಬೆಳೆದ ಬೂಷ್ಟು ತೆಗೆಯಬೇಕಾದುದೇ.

ಈ ಪ್ರಸಂಗದಲ್ಲಿ ಎಲ್ಲರೂ ಮರೆಯುವ ವ್ಯಕ್ತಿಯೊಬ್ಬಳಿದ್ದಾಳೆ. ಮುಗ್ಗಿದ ಕಾರ್ಪೆಟ್ಟನ್ನು ಹೊತ್ತು ಕೊಂಡೊಯ್ದು ಕೋಲಿನಿಂದ ಬಡಿಯುವವಳು ಮನೆಗೆಲಸದವಳೇ. ಬೀಜಕಣಗಳು ಮೋಡದಂತೆ ಏಳುವಾಗ ಅವುಗಳ ನಡುವೆ ನಿಂತಿರುವವಳು ಅವಳು. ಸಂಸಾರದ ಮಕ್ಕಳ ಆರೋಗ್ಯಕ್ಕಾಗಿ ಅವಳ ಶ್ವಾಸವನ್ನು ಒತ್ತೆಯಿಡುವುದು ನ್ಯಾಯವಲ್ಲ. ಒಂದು ಎನ್-95 ಮುಖಗವಸು, ಒಂದು ಜೊತೆ ಕೈಗವಸು ದೊಡ್ಡ ವೆಚ್ಚವೇನಲ್ಲ.

ಫಲ ಕೊಡದ ಉಪಾಯಗಳು

ವಾಸನೆಯನ್ನೇ ರೋಗವೆಂದು ಬಗೆದು ಮಾಡುವ ಉಪಚಾರಗಳೇ ಹೆಚ್ಚು. ಊದುಬತ್ತಿ, ಧೂಪ, ಸುಗಂಧದ ಸಿಂಪಡಿಕೆ ಇವು ಮೂಗನ್ನು ಮೋಸಗೊಳಿಸುತ್ತವೆ. ಹೊಗೆಯಾದರೋ ಮೊದಲೇ ನೊಂದ ಶ್ವಾಸಕೋಶಕ್ಕೆ ಇನ್ನೊಂದು ಹೊರೆ. ಅಡಿಗೆ ಸೋಡಾ ವಾಸನೆಯನ್ನು ಹೀರಬಹುದು. ಬೂಷ್ಟಿನ ಬೇರನ್ನು ಕೀಳಲಾರದು. ನುಸಿಗುಳಿಗೆಯು ನುಸಿಗೆ ಹೇಳಿದ್ದೇ ಹೊರತು ಬೂಷ್ಟಿಗಲ್ಲ. ಅದರಲ್ಲಿ ನ್ಯಾಫ್ತಲೀನ್ ಇದ್ದರೆ, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಅದರ ಆವಿಯಿಂದ ರಕ್ತಕಣಗಳು ಒಡೆಯುವ ಅಪಾಯವಿದೆ. ಆದುದರಿಂದ ಮಕ್ಕಳಿರುವ ಮನೆಯಲ್ಲಿ ಕಾರ್ಪೆಟ್ಟಿನ ಮಡಿಕೆಯಲ್ಲಿ ಅದನ್ನು ಇಡುವುದು ಸಲ್ಲದು.

ಬ್ಲೀಚಿಂಗ್ ದ್ರಾವಣದ ಮೇಲೆ ಜನರಿಗೆ ವಿಶೇಷ ನಂಬಿಕೆ. ಅದು ಬಣ್ಣವನ್ನು ತೆಗೆಯುವುದರಿಂದ ಮಚ್ಚೆ ಮಾಯವಾದಂತೆ ತೋರುತ್ತದೆ. ಸತ್ತ ಬೂಷ್ಟೂ ಅಲರ್ಜಿಯನ್ನು ಉಂಟುಮಾಡಬಲ್ಲುದು. ಆದುದರಿಂದ ಕೊಂದರಷ್ಟೇ ಸಾಲದು, ತೆಗೆದುಹಾಕಬೇಕು. ಉಣ್ಣೆ ಮತ್ತು ರೇಷ್ಮೆಯ ರತ್ನಗಂಬಳಿಗಳನ್ನಂತೂ ಬ್ಲೀಚ್ ತಿಂದುಹಾಕುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಅದನ್ನು ಪಾಯಖಾನೆ ತೊಳೆಯುವ ಆಮ್ಲದೊಡನೆ ಬೆರೆಸಿದರೆ ಕ್ಲೋರಿನ್ ವಿಷಾನಿಲ ಹೊರಬರುತ್ತದೆ. ಅಮೋನಿಯಾ ಇರುವ ಸಾಮಗ್ರಿಯೊಡನೆಯೂ ಬೆರೆಸಕೂಡದು. ಕಿಟಕಿ ಮುಚ್ಚಿದ ಸಣ್ಣ ಮನೆಯಲ್ಲಿ ಈ ಪ್ರಯೋಗ ಪ್ರಾಣಾಪಾಯಕಾರಿ.

ಒದ್ದೆ ಗೋಡೆಗೆ ಬಣ್ಣ ಬಳಿದು, ಒದ್ದೆ ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಕಾರ್ಪೆಟ್ಟು ಎಳೆಯುವುದು ಇನ್ನೊಂದು ಜನಪ್ರಿಯ ಉಪಾಯ. ಇದರಿಂದ ನೀರು ಕಣ್ಣಿಗೆ ಮರೆಯಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಕೆಟ್ಟ ಸಾಲವನ್ನು ಒಳ್ಳೆಯ ಸಾಲದ ಪಟ್ಟಿಯಲ್ಲಿ ತೋರಿಸಿದರೆ ಲೆಕ್ಕಪತ್ರ ಸುಂದರವಾಗಬಹುದು; ಹಣ ಮರಳಿ ಬರುವುದಿಲ್ಲ.

ಮಾಡಬೇಕಾದುದು

ಮೊದಲು ನೀರನ್ನು ನಿಲ್ಲಿಸಬೇಕು. ಬಿರುಕು, ಕೊಳವೆ, ಕಿಟಕಿಯ ಸಂದು ಇವುಗಳ ದುರಸ್ತಿಯಾಗುವವರೆಗೆ ಕಾರ್ಪೆಟ್ಟನ್ನು ಆ ಕೋಣೆಯಿಂದ ಹೊರಗಿಡಬೇಕು. ಎರಡನೆಯದಾಗಿ, ಗಾಳಿಯ ತೇವವನ್ನು ಇಳಿಸಬೇಕು. ಅಡಿಗೆಮನೆ, ಬಚ್ಚಲುಮನೆಗಳ ಹೊರದೂಡುವ ಫ್ಯಾನನ್ನು ಕೆಲಸ ಮುಗಿದ ಮೇಲೂ ಸ್ವಲ್ಪ ಹೊತ್ತು ನಡೆಸುವುದು, ಬಟ್ಟೆಯನ್ನು ಬಾಲ್ಕನಿಯಲ್ಲಿ ಒಣಗಿಸುವುದು, ಸಾಧ್ಯವಿದ್ದವರು ಏರ್‌ಕಂಡೀಶನರನ್ನು ತೇವ ಇಳಿಸುವ ಕ್ರಮದಲ್ಲಿ ನಡೆಸುವುದು ಅಥವಾ ತೇವ ಹೀರುವ ಯಂತ್ರವನ್ನು ಬಳಸುವುದು ಸಹಾಯಕ. ಅಲ್ಪ ಬೆಲೆಗೆ ದೊರೆಯುವ ಆರ್ದ್ರತಾಮಾಪಕವೊಂದು ಗೋಡೆಯ ಮೇಲಿದ್ದರೆ ಊಹೆಯ ಬದಲು ಅಂಕಿ ಕೈಗೆ ಸಿಗುತ್ತದೆ. ಕಿಟಕಿ ತೆರೆದರೆ ಒಣಗುವುದೆಂಬುದು ಡಿಸೆಂಬರಿನಲ್ಲಿ ನಿಜ; ಜುಲೈಯ ಜಡಿಮಳೆಯಲ್ಲಿ ತೆರೆದ ಕಿಟಕಿಯು ತೇವವನ್ನು ಒಳಕ್ಕೆ ಕರೆಯುತ್ತದೆ.

ಮೂರನೆಯದು ಶುಚಿ. ಮುಗ್ಗಿದ ಕಾರ್ಪೆಟ್ಟನ್ನು ಮನೆಯೊಳಗೆ ಕೊಡವದೆ, ಸುತ್ತಿ ಹಳೆಯ ಹೊದಿಕೆಯಲ್ಲಿ ಮುಚ್ಚಿ ಹೊರಗೆ ಒಯ್ಯಬೇಕು. ಬಯಲಿನಲ್ಲಿ ಒಣಗಿಸಿ, ಹೆಪಾ ಸೋಸುಕವಿರುವ ವ್ಯಾಕ್ಯೂಮ್ ಕ್ಲೀನರಿನಿಂದ ಎರಡೂ ಮೈಯನ್ನು ಎಳೆಸಿ, ಸಾಬೂನು ನೀರಿನಲ್ಲಿ ತೊಳೆಯಬಹುದಾದುದನ್ನು ತೊಳೆದು, ಎರಡೂ ಬದಿಗಳು ಪೂರ್ಣವಾಗಿ ಒಣಗುವವರೆಗೆ ಬಿಸಿಲಿಗೆ ಹಾಕಬೇಕು. ಅರ್ಧ ಒಣಗಿದ್ದನ್ನು ಹಾಸುವುದಕ್ಕಿಂತ ತೊಳೆಯದಿರುವುದೇ ಮೇಲು. ಬೆಲೆಬಾಳುವ ಉಣ್ಣೆಯ ರತ್ನಗಂಬಳಿಯನ್ನು ತಿಳಿದವರ ಕೈಗೆ ಒಪ್ಪಿಸುವುದು ಕ್ಷೇಮ.

ನಾಲ್ಕನೆಯದು, ಬಿಸಾಡುವ ಧೈರ್ಯ. ಕೆಳಗಿನ ಫೋಮಿನ ಅಡಿಹಾಸು ಒಮ್ಮೆ ಮುಗ್ಗಿತೆಂದರೆ ಅದು ತೊಳೆದು ಉಳಿಸಿಕೊಳ್ಳುವ ವಸ್ತುವಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ, 2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿದಾಗ, ಚರಂಡಿಯ ನೀರು ಮನೆಗಳೊಳಗೆ ನುಗ್ಗಿತು. ಅಂತಹ ನೀರಿನಲ್ಲಿ ನೆನೆದ ಕಾರ್ಪೆಟ್ಟನ್ನು ಎಷ್ಟೇ ಬೆಲೆಯದಾಗಿದ್ದರೂ ಮನೆಯೊಳಗೆ ಮರಳಿ ತರುವುದು ಆರೋಗ್ಯಕ್ಕೆ ಹಿತವಲ್ಲ. ನೀರಿನ ಮೂಲವನ್ನು ನಿಲ್ಲಿಸಿದ ಮೇಲೆಯೂ ಎರಡು ಬಾರಿ ಬೂಷ್ಟು ಮರಳಿದರೆ ಅದು ಬೆನ್ನಿನ ನೂಲಿನವರೆಗೂ ಇಳಿದಿದೆಯೆಂದೇ ತಿಳಿಯಬೇಕು. ‘ಇಷ್ಟು ಹಣ ಕೊಟ್ಟಿದ್ದೇವಲ್ಲ’ ಎಂಬ ಮರುಕ ಸಹಜ. ಆದರೆ ಹೋದ ಹಣವು ಹೋದುದೇ. ಅದನ್ನು ಉಳಿಸುವೆನೆಂದು ಇನ್ನಷ್ಟು ಹಣ ಸುರಿಯುವುದು ವ್ಯವಹಾರವಲ್ಲ.

ಲೆಕ್ಕಕ್ಕಾಗಿ ಹೀಗೆ ಊಹಿಸಬಹುದು. ಕಾರ್ಪೆಟ್ಟಿನ ಬೆಲೆ 15,000 ರೂಪಾಯಿ. ಒಮ್ಮೆ ತೊಳೆಸಲು 2,000 ರೂಪಾಯಿಯಂತೆ ವರ್ಷಕ್ಕೆ ಎರಡು ಬಾರಿ. ನಾಲ್ಕು ವರ್ಷಗಳಲ್ಲಿ ತೊಳೆಸಿದ ವೆಚ್ಚವೇ 16,000 ರೂಪಾಯಿಯಾಗಿ ಅಸಲನ್ನು ಮೀರುತ್ತದೆ; ವೈದ್ಯರ ಶುಲ್ಕ, ಮಗುವಿನ ಶಾಲೆ ತಪ್ಪಿದ ದಿನಗಳು ಈ ಲೆಕ್ಕದಲ್ಲಿ ಸೇರಿಲ್ಲ. ಅದೇ ಹಣದಲ್ಲಿ ಬಹುಶಃ ಗೋಡೆಯ ಬಿರುಕನ್ನೋ ಜಿನುಗುವ ಕೊಳವೆಯನ್ನೋ ಒಮ್ಮೆ ನೆಟ್ಟಗೆ ಮಾಡಿಸಬಹುದಿತ್ತು. ಒಂದು ಪ್ರತಿವರ್ಷವೂ ಮರುಕಳಿಸುವ ವೆಚ್ಚ. ಇನ್ನೊಂದು ಬಾಳುವ ಆಸ್ತಿಯ ಮೇಲಿನ ಹೂಡಿಕೆ.

ಸೋರಿಕೆ ಯಾರ ಹೊಣೆ?

ಗೋಡೆ ಸೋರುವುದು ತಿಳಿದೂ ಕಾರ್ಪೆಟ್ಟನ್ನೇ ತೊಳೆಸುತ್ತಿರುವವರು ಕಡಿಮೆಯೇನಲ್ಲ. ಮೇಲಿನ ಮನೆಯವರೊಡನೆ ಮಾತೇಕೆ, ಪರಊರಿನಲ್ಲಿ ನಿಷ್ಠುರವೇಕೆ ಎಂಬ ಸಂಕೋಚ ಇದಕ್ಕೆ ಮುಖ್ಯ ಕಾರಣ. ಸೊಸೈಟಿಯ ಸಭೆಯಲ್ಲಿ ಎದ್ದು ನಿಂತು ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ವಾದಿಸುವುದು ಹಲವರಿಗೆ ಒಗ್ಗದ ಕೆಲಸ. ಆದರೆ ಇದು ವಾದದ ವಿಷಯವೇ ಅಲ್ಲ. ಮಹಾರಾಷ್ಟ್ರದ ಸಹಕಾರಿ ಗೃಹನಿರ್ಮಾಣ ಸಂಘಗಳ ಮಾದರಿ ಉಪವಿಧಿಗಳು ಈ ಬಗ್ಗೆ ಹೊಣೆಯನ್ನು ಹಂಚಿಕೊಟ್ಟಿವೆ. ತಾರಸಿ, ಹೊರಗೋಡೆ, ಎಲ್ಲರಿಗೂ ಸೇರಿದ ಕೊಳವೆಗಳು, ಮಳೆನೀರಿನಿಂದಾದ ಸೋರಿಕೆ ಇವು ಸಂಘದ ವೆಚ್ಚದಲ್ಲಿ ದುರಸ್ತಿಯಾಗಬೇಕಾದವು. ಸದಸ್ಯನ ಮನೆಯೊಳಗಿನ ಬಚ್ಚಲು, ಪಾಯಖಾನೆ, ತೊಟ್ಟಿಗಳಿಂದಾಗುವ ಸೋರಿಕೆಯು ಆ ಸದಸ್ಯನ ಹೊಣೆ. ದಿನಾಂಕ, ಸ್ಥಳ, ಛಾಯಾಚಿತ್ರಗಳೊಡನೆ ಕಾರ್ಯದರ್ಶಿಗೆ ಲಿಖಿತ ಪತ್ರ ಕೊಟ್ಟು ಸ್ವೀಕೃತಿ ಪಡೆಯುವುದು ಜಗಳವಲ್ಲ, ಸದಸ್ಯನ ಹಕ್ಕು. ಮಳೆ ಆರಂಭವಾದ ಮೇಲೆ ಹೊರಗೋಡೆಯ ಕೆಲಸ ಸಾಗದಾದುದರಿಂದ ಈ ಪತ್ರವು ಮಳೆ ನಿಂತೊಡನೆ ಹೋಗಬೇಕು. ಮೇ ತಿಂಗಳ ಕೊನೆಯಲ್ಲಲ್ಲ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವೇನು?

ಹನ್ನೊಂದು ತಿಂಗಳ ಕರಾರಿನ ಮೇಲೆ ಬಾಡಿಗೆಗಿರುವವರ ಪಾಡು ಇನ್ನೂ ಕಷ್ಟ. ಮನೆಯೊಡೆಯನಿಗೆ ಅಲ್ಲಿ ವಾಸವಿಲ್ಲ, ವಾಸವಿರುವವನಿಗೆ ಒಡೆತನವಿಲ್ಲ. ಅಂತಹವರು ಕರಾರಿಗೆ ಸಹಿ ಹಾಕುವ ಮೊದಲೇ ಗೋಡೆಯ ಬುಡ, ಬೀರುವಿನ ಹಿಂಬದಿ, ಸೂರಿನ ಮೂಲೆಗಳನ್ನು ನೋಡಿ, ಕಂಡ ತೇವವನ್ನು ಬರವಣಿಗೆಯಲ್ಲಿ ಸೇರಿಸುವುದು ಜಾಣತನ. ಕನ್ನಡ ಸಂಘಗಳಲ್ಲಿ ಕಾನೂನು, ಇಂಜಿನಿಯರಿಂಗ್ ಬಲ್ಲ ಹಿರಿಯರಿಗೆ ಕೊರತೆಯಿಲ್ಲ. ವರ್ಷಕ್ಕೊಂದು ಸಂಜೆ ಅವರು ಇಂತಹ ಪತ್ರಗಳನ್ನು ಬರೆದುಕೊಡಲು ಕುಳಿತರೆ ಅದೂ ಒಂದು ಸಮಾಜಸೇವೆಯೇ.

ಹಾಸು ಮತ್ತು ಹವೆ

ಕೊನೆಯಲ್ಲಿ ಒಂದು ಮೂಲಭೂತ ಪ್ರಶ್ನೆ ಉಳಿಯುತ್ತದೆ: ಮುಂಬಯಿಯ ಮನೆಗೆ ದಪ್ಪನೆಯ ಕಾರ್ಪೆಟ್ಟು ಬೇಕೇ? ಇರಾನ್, ಮಧ್ಯ ಏಷ್ಯಾ, ಕಾಶ್ಮೀರಗಳಲ್ಲಿ ಅದು ಹುಟ್ಟಿ ಬೆಳೆದುದಕ್ಕೆ ಕಾರಣವಿದೆ. ಅಲ್ಲಿ ಚಳಿ ಕಠಿಣ, ಗಾಳಿ ಬಹುಮಟ್ಟಿಗೆ ಶುಷ್ಕ; ನೆಲದ ತಂಪಿನಿಂದ ಅದು ಮೈಯನ್ನು ಕಾಯುತ್ತದೆ. ದಿಲ್ಲಿಯ ಚಳಿಗಾಲದಲ್ಲಿಯೂ ಅದಕ್ಕೆ ಅರ್ಥವುಂಟು. ಸಮುದ್ರದ ದಂಡೆಯಲ್ಲಿ, ಚಳಿಯೆಂಬುದು ನಾಲ್ಕು ದಿನದ ಅತಿಥಿಯಾಗಿರುವ ಊರಿನಲ್ಲಿ, ಅದು ಅಂತಸ್ತಿನ ಗುರುತಾಗಿ ಬಂದಿದೆಯೇ ಹೊರತು ಅಗತ್ಯವಾಗಿ ಅಲ್ಲ. ನೆಲಕ್ಕೆ ಅಂಟಿಸಿ ಗೋಡೆಯಿಂದ ಗೋಡೆಗೆ ಹಾಸುವ ಕಾರ್ಪೆಟ್ಟಂತೂ ಈ ಹವೆಗೆ ಸರ್ವಥಾ ಹೊಂದದು; ಅದರ ಬೆನ್ನನ್ನು ನೋಡುವ ಉಪಾಯವೇ ಇಲ್ಲ.

ಇದಕ್ಕೆ ಪ್ರತಿಯಾಗಿ ಹೇಳುವವರ ಮಾತಿನಲ್ಲಿಯೂ ಹುರುಳಿದೆ. ನುಣುಪಾದ ಟೈಲುಗಳ ಮೇಲೆ ವೃದ್ಧರು ಜಾರಿ ಬೀಳುತ್ತಾರೆ. ಮೊಣಕಾಲು ನೋವಿನವರಿಗೆ ಬರಿನೆಲ ಹಿತವಲ್ಲ. ಮಗುವಿಗೆ ಆಡಲು ಮೆತ್ತನೆಯ ಜಾಗ ಬೇಕು. ಇವೆಲ್ಲಕ್ಕೂ ತೆಳುವಾದ, ಎತ್ತಬಹುದಾದ, ಒಗೆಯಬಹುದಾದ ಹಾಸು ಸಾಕಾಗುತ್ತದೆ. ಅಡಿಯಲ್ಲಿ ಜಾರದಂತೆ ತಡೆಯುವ ರಬ್ಬರಿನ ಜಾಲರಿಯನ್ನು ಇಟ್ಟರೆ ಬೀಳುವ ಭಯವೂ ಇಲ್ಲ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಮಹಿಳೆಯರು ಹತ್ತಿಯ ನೂಲಿನಲ್ಲಿ ನೇಯುವ ಜಮಖಾನೆಗಳಿಗೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತಿದೆ. ಅಂತಹುದೊಂದು ಹಜಾರದಲ್ಲಿದ್ದರೆ ಶೋಭೆಗೂ ಕೊರತೆಯಿಲ್ಲ, ಆ ಕೈಗಳಿಗೂ ಕೆಲಸ; ಒಂದು ದಿನದ ಬಿಸಿಲಿನಲ್ಲಿ ಅದು ಒಣಗುತ್ತದೆ.

ಇರುವ ಕಾರ್ಪೆಟ್ಟನ್ನು ಬಿಡಲಾರದವರು ಅದಕ್ಕೆ ವರ್ಷದ ಪಂಚಾಂಗವೊಂದನ್ನು ಮಾಡಿಕೊಳ್ಳಬಹುದು. ಮುಂಬಯಿಯಲ್ಲಿ ಮೇ ತಿಂಗಳ ಬಿಸಿಲಿನಲ್ಲಿ ಎರಡು ಮೈಯನ್ನೂ ಒಣಗಿಸಿ, ಪ್ಲಾಸ್ಟಿಕ್ಕಿನಲ್ಲಿ ಅಲ್ಲ, ಹತ್ತಿಯ ಹೊದಿಕೆಯಲ್ಲಿ ಸುತ್ತಿ, ನೆಲದಿಂದ ಎತ್ತರವಾದ ಒಣ ಸ್ಥಳದಲ್ಲಿ ಇಡುವುದು. ದಸರಾ ಕಳೆದು ಗಾಳಿ ಒಣಗಿದ ಮೇಲೆ ದೀಪಾವಳಿಗೆ ಹಾಸುವುದು. ಚೆನ್ನೈಯವರಿಗೆ ಈಶಾನ್ಯ ಮಾರುತದ ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಅವಧಿಯೇ ಸುತ್ತಿಡುವ ಕಾಲ. ದಿಲ್ಲಿಯವರಿಗೆ ಜುಲೈಯಿಂದ ಸೆಪ್ಟೆಂಬರ್. ಅದಕ್ಕೂ ಮೊದಲು ಬೇಸಗೆಯಲ್ಲಿ ನೀರಿನ ಕೂಲರ್ ನಡೆಯುವ ಕೋಣೆಯಲ್ಲಿಯೂ ಕಾರ್ಪೆಟ್ಟು ಬೇಡ. ಪುಣೆ, ಹೈದರಾಬಾದುಗಳ ಹವೆ ಇಷ್ಟು ಕಠಿಣವಲ್ಲ. ಆದರೂ ಮಳೆಯ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಅಂಚನ್ನೆತ್ತಿ ಬೆನ್ನನ್ನು ನೋಡುವ ಅಭ್ಯಾಸ ಅಲ್ಲಿಯೂ ಇರಲಿ. ಒರೆಸಿದ ನೆಲ ಪೂರ್ತಿ ಆರುವವರೆಗೆ ಹಾಸನ್ನು ಬಿಡಬಾರದೆಂಬ ನಿಯಮವಂತೂ ಎಲ್ಲ ಊರಿಗೂ, ಎಲ್ಲ ಕಾಲಕ್ಕೂ ಒಂದೇ.

ಬೆಳಗ್ಗೆ ಎದ್ದೊಡನೆ ಚಾಪೆಯನ್ನು ಸುತ್ತಿಡು ಎಂದು ಮನೆಯ ಹಿರಿಯರು ಗದರುತ್ತಿದ್ದುದು ಕೇವಲ ಶಿಸ್ತಿನ ಮಾತಾಗಿರಲಿಲ್ಲ. ಹಾಸಿದ್ದನ್ನು ಎತ್ತಬೇಕು, ಎತ್ತಿದ್ದಕ್ಕೆ ಗಾಳಿ ಬಿಸಿಲು ಕಾಣಿಸಬೇಕು ಎಂಬ ಆರೋಗ್ಯದ ಸೂತ್ರ ಅದರಲ್ಲಿತ್ತು. ಹಾಸು ಬದಲಾಗಿದೆ, ನೆಲ ಬದಲಾಗಿದೆ. ನೀರಿನ ಗುಣ ಮಾತ್ರ ಬದಲಾಗಿಲ್ಲ.